ಜಡೆರೊಟ್ಟಿಯ ಮಳೆಗಾಲ

ಹೋದ ತಿಂಗಳು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸಿಗೆ ಕಾಯುತ್ತಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಎದುರಿನ ಬೇಕರಿಯವನು ಆಗಷ್ಟೇ ಒಲೆಯ ಬಾಗಿಲು ತೆಗೆದನೋ ಏನೋ, ಹುಳಿ ಬಂದ ಹಿಟ್ಟು ಬೇಯುವ ವಾಸನೆ ಬಂತು. ಅದರ ಬೆನ್ನಿಗೇ ಕಂದಿದ ಬೆಲ್ಲದ್ದು, ಹುರಿದ ಎಳ್ಳಿನದು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಚೆನ್ನಾಗಿ ಘಮಗುಟ್ಟುತ್ತದೆ ಅಂದಳು. ಬಸ್ಸು ಬಂತು, ಕಂಡಕ್ಟರು ಕೂಗಿದ, ಬಸ್ಸು ಹೊರಟೂ ಹೋಯಿತು. ನಾನು ನಿಂತೇ ಇದ್ದೆ.

ಅದು ತೊಂಬತ್ತರ ದಶಕದ ಮೊದಮೊದಲಿನ ಒಂದು ಮಳೆಗಾಲ. ಮದುವೆಯಾಗಿ ಪಾಂಡವಪುರಕ್ಕೆ ಹೋಗಿದ್ದ ನಾನು ಚೊಚ್ಚಲ ಹೆರಿಗೆಗೆಂದು ಅಕ್ಕಿಹೆಬ್ಬಾಳಿನ ತವರಿಗೆ ಬಂದಿದ್ದೆ. ನನ್ನ ಗಂಡನಿಗೆ ನಾಗಮಂಗಲದ ಕಚೇರಿಯೊಂದರಲ್ಲಿ ಗುಮಾಸ್ತರ ಕೆಲಸ. ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ಮನೆಯಲ್ಲಿ ಇದ್ದವರು ಅಪ್ಪ, ಅವ್ವ, ಎರಡು ಹಸು, ಒಂದು ನಾಯಿ. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ರಾತ್ರಿಯೆಲ್ಲ ಹೊಳೆಯ ಸದ್ದು ಮನೆಯ ಹಿಂದೆ ಯಾರೋ ಕಾಳು ಕೇರುತ್ತಿದ್ದಂತೆ ಕೇಳಿಸುತ್ತಿತ್ತು. ಗಾಳಿ ತಿರುಗಿದರೆ ಮಾಕವಳ್ಳಿ ಕಡೆಯ ಆಲೆಮನೆಗಳಿಂದ ಕಬ್ಬಿನ ಕಾಕಂಬಿಯ ವಾಸನೆ ಬಂದು ಒಣಹಾಕಿದ ಬಟ್ಟೆಗೆಲ್ಲ ಹತ್ತುತ್ತಿತ್ತು.

ಆಷಾಢದಲ್ಲಿ ನಿಂಗತ್ತೆ ಬಂದಳು. ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು, ಬೆಂಗಳೂರಿನ ದಂಡಿನ ಕಡೆ ಒಬ್ಬ ಮುದುಕಿಯ ಮನೆಗೆ ಅಡುಗೆಗೆಂದು ಹೋದವಳು ಅಲ್ಲೇ ಉಳಿದುಬಿಟ್ಟಿದ್ದಳು. ನಾನು ಅವಳನ್ನು ನೋಡಿದ್ದು ನನ್ನ ಮದುವೆಯಲ್ಲಿ ಮಾತ್ರ. ಆ ಮುದುಕಿ ಯೆಹೂದಿ. ಅವಳ ಬಳಗದವರೆಲ್ಲ ಬೇರೆ ಬೇರೆ ದೇಶ ಸೇರಿ, ಕೊನೆಗೆ ಅವಳಿಗೆ ಅತ್ತೆ, ಅತ್ತೆಗೆ ಅವಳು ಎಂಬಂತಾಗಿತ್ತು. ಆಕೆ ತೀರಿಕೊಂಡ ಮೇಲೆ ಅತ್ತೆ ಒಂದು ತಗಡಿನ ಟ್ರಂಕು ಹೊತ್ತುಕೊಂಡು ನಮ್ಮೂರ ಸ್ಟೇಷನ್ನಿನಲ್ಲಿ ಇಳಿದಳು. ಅಪ್ಪ ಹೋಗಿ ಕರೆತಂದ. ಅವ್ವ ಬಿಸಿನೀರು ಕೊಟ್ಟು, ಊಟಕ್ಕೆ ಬಡಿಸಿ, ಇನ್ನು ಇದೇ ನಿನ್ನ ಮನೆ ಎಂದು ಮನಸ್ಸಿಟ್ಟೇ ಹೇಳಿದಳು.

ಮೊದಲ ಶುಕ್ರವಾರ ಬೆಳಿಗ್ಗೆ ಅತ್ತೆ ಮೈದಾ ಹಿಟ್ಟು ಕೇಳಿದಳು. ರಾಗಿ ಉಣ್ಣುವ ಮನೆಯಲ್ಲಿ ಮೈದಾ ಎಲ್ಲಿಂದ ಬರಬೇಕು? ಅಪ್ಪ ಕೆ.ಆರ್. ಪೇಟೆಗೆ ಹೋದವನು ತಂದುಕೊಟ್ಟ. ಬೆಂಗಳೂರಿನಲ್ಲಿ ಹಿಟ್ಟು ಉಬ್ಬಿಸಲು ಪುಡಿ ಸಿಗುತ್ತಿತ್ತಂತೆ. ಇಲ್ಲಿ ಅದಕ್ಕೆ ಬದಲು ಹೊಳೆದಂಡೆಯ ಈಚಲುಬನದಿಂದ ಒಂದು ಸೀಸೆ ಹೆಂಡ ಬಂತು. ಶುಕ್ರವಾರ ಹೆಂಡ ಒಳಗೆ ಬರಕೂಡದು ಎಂದು ಅವ್ವ ತಡೆದಾಗ, ಅತ್ತೆ ಎದುರಾಡದೆ ಹಿತ್ತಲ ಬಚ್ಚಲುಮನೆಗೆ ಹೋದಳು. ಮೊಟ್ಟೆಯೂ ಕೂಡದು ಎಂದಳು ಅವ್ವ. ಅತ್ತೆ ಸಿಹಿಗುಂಬಳದ ಹೋಳು ಬೇಯಿಸಿ ಕಿವುಚಿ ಹಾಕಿದಳು, ಬಣ್ಣ ಮೊಟ್ಟೆಯದೇ ಬಂತು. ಜೇನಿನ ಬದಲು ಬೆಲ್ಲ, ಆ ಮುದುಕಿ ಬಳಸುತ್ತಿದ್ದ ಎಣ್ಣೆಯ ಬದಲು ಕಡಲೆಕಾಯಿ ಎಣ್ಣೆ. ‘ಇಲ್ದೇ ಇರೋ ಸಾಮಾನ್ಗೆಲ್ಲ ಒಂದು ಬದ್ಲಿ ಇದ್ದೇ ಇರ್ತದೆ ಅಂತಿದ್ರು ಮೇಡಮ್ನೋರು. ಎಣೆಯೋದೊಂದ್ಕೆ ಬದ್ಲಿ ಇಲ್ಲ,’ ಅಂದಳು.

ಹಿಟ್ಟು ನಾದಿ, ಬಟ್ಟೆ ಮುಚ್ಚಿ ಒಲೆಯ ಪಕ್ಕ ಬೆಚ್ಚಗೆ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದು ಬೋಗುಣಿ ಮೀರಿ ಎದ್ದಿತ್ತು. ಅದರಿಂದ ಒಂದು ತುಣುಕು ಚಿವುಟಿ, ಕಣ್ಣು ಮುಚ್ಚಿ, ಗಂಟಲಿನ ಆಳದಿಂದ ಬರುವ ಯಾವುದೋ ಭಾಷೆಯಲ್ಲಿ ಏನೋ ಅಂದು ಕೆಂಡಕ್ಕೆ ಹಾಕಿದಳು. ತುಣುಕು ಚುರುಗುಟ್ಟಿ ಕರಿದಾಯಿತು. ಉಳಿದ ಹಿಟ್ಟನ್ನು ಉದ್ದುದ್ದ ಹೊಸೆದು ಹೆಣೆದಳು, ಥೇಟು ಹೆಣ್ಣಿನ ಜಡೆಯ ಹಾಗೆ. ಅಂಥವು ಎರಡು. ಮೇಲೆ ಬೆಲ್ಲದ ನೀರು ಸವರಿ ಎಳ್ಳು ಉದುರಿಸಿದಳು. ಹೊಳೆಮರಳು ತುಂಬಿದ ಬಾಣಲೆಯಲ್ಲಿ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕರಟದ ಕೆಂಡ ಹರಡಿದಳು.

ಅದರ ಹೆಸರು ಹಲ್ಲಾ, ಯೆಹೂದಿಗಳು ಶುಕ್ರವಾರ ಸಂಜೆಯ ಪೂಜೆ ಊಟಕ್ಕೆ ಮಾಡುವ ರೊಟ್ಟಿ. ನಮ್ಮ ಕಡೆಯವರ ನಾಲಿಗೆಯಲ್ಲಿ ‘ಹ’ ನಿಲ್ಲುವುದಿಲ್ಲವಲ್ಲ.

‘ಇದೇನಕ್ಕ ಇದು?’ ಎಂದು ಅವ್ವ ಕೇಳಿದಳು.

‘ಅಲ್ಲ.’

‘ಏನಲ್ಲ?’

‘ಅದ್ರ ಎಸ್ರೇ ಅಲ್ಲ ಕಣ್ ಜಯ.’

ನನಗೆ ನಗು ಬಂತು. ಅವ್ವನಿಗೆ ಬರಲಿಲ್ಲ. ಬಸುರಿ ಇರುವ ಮನೆಯಲ್ಲಿ ‘ಅಲ್ಲ’ ಎನ್ನುವ ಪದಾರ್ಥದ ಹೆಸರೆತ್ತುವುದೇ ಅವಳಿಗೆ ಸರಿಬರಲಿಲ್ಲ. ಅವಳು ಅದನ್ನು ಜಡೆರೊಟ್ಟಿ ಎಂದು ಕರೆದಳು, ನಾವೂ ಹಾಗೇ ಕರೆದೆವು.

ರೊಟ್ಟಿ ಚೆನ್ನಾಗಿತ್ತು. ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು, ನಾಲಿಗೆಯ ಮೇಲೆ ಸಣ್ಣಗೆ ಹುಳಿ, ಆಮೇಲೆ ಸಿಹಿ. ಅಪ್ಪ ಕಾಫಿಗೆ ಅದ್ದಿಕೊಂಡು ತಿಂದ. ಅವ್ವ ಮಾತ್ರ ಬಾಯಿಗಿಡಲಿಲ್ಲ. ಮುಸ್ಸಂಜೆಗೆ ಅತ್ತೆ ಜೋಡಿ ದೀಪ ಹಚ್ಚಿ, ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ನಿಂತಳು. ದೀಪ ಹಚ್ಚಿದವರು ಕಣ್ಣು ಮುಚ್ಚಿಕೊಳ್ಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ತನ್ನ ಪಕ್ಕ ಒಂದು ಮಣೆ ಹಾಕಿ, ಅದರ ಮೇಲೆ ಯಾರೂ ಕೂರದಂತೆ ಕಾಯುತ್ತಿದ್ದಳು.

ಅವ್ವನ ಲೆಕ್ಕ ಬೇರೆ ಇತ್ತು. ಎಳ್ಳು ಸತ್ತವರಿಗೆ ಬಿಡುವುದು. ಬೆಂಕಿಗೆ ಹಿಟ್ಟು ಹಾಕುವುದು, ತಿಳಿಯದ ಮಾತು ಆಡುವುದು, ಹೆಣ್ಣಿನ ಜಡೆ ಹೆಣೆದು ಸುಡುವುದು, ಖಾಲಿ ಮಣೆ ಹಾಕುವುದು, ಇದೆಲ್ಲ ಎಡೆಯಲ್ಲದೆ ಮತ್ತೇನು? ಎಡೆ ಇಟ್ಟಲ್ಲಿಗೆ ಅದನ್ನು ಉಣ್ಣುವವರು ಬಂದೇ ಬರುತ್ತಾರೆ. ಪಕ್ಕದ ಮನೆಯ ಸಣ್ಣಕ್ಕ ಮಜ್ಜಿಗೆಗೆ ಬಂದವಳು ಬಚ್ಚಲುಮನೆಯ ಕಡೆ ಒಮ್ಮೆ ಇಣುಕಿ, ನಿಮ್ಮ ಅತ್ತಿಗೆ ಒಬ್ಬಳೇ ಬಂದಿಲ್ಲ ಅಂದುಬಿಟ್ಟಳಂತೆ. ಅವ್ವ ನನ್ನ ಮಂಚವನ್ನು ಹಿತ್ತಲ ಕೋಣೆಯಿಂದ ನಡುಮನೆಗೆ ತಂದುಹಾಕಿಸಿದಳು. ದಿಂಬಿನಡಿ ಕುಡುಗೋಲು ಇಟ್ಟಳು.

ಒಂದು ದಿನ ನಾನೇ ಅತ್ತೆಯನ್ನು ಕೇಳಿದೆ, ಯಾಕೆ ಮಾಡುತ್ತೀ ಎಂದು. ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದಳು. ಮೇಡಂ ಸಾಯುವ ಹಿಂದಿನ ದಿನಗಳಲ್ಲಿ ಅವಳಿಗೆ ಕೈಯಲ್ಲಿ ಶಕ್ತಿ ಇರಲಿಲ್ಲ. ಆದರೂ ಹಾಸಿಗೆಯ ಮೇಲೆ ಮಲಗಿಕೊಂಡೇ ಅತ್ತೆಯ ಮುಂಗೈಯನ್ನು ಹಿಟ್ಟಿನಂತೆ ನಾದುತ್ತಿದ್ದಳಂತೆ. ನಾನು ಹೋದ ಮೇಲೆ ಶುಕ್ರವಾರ ಯಾರು ಮಾಡುತ್ತಾರೆ ಎಂದು ಕೇಳಿದಳಂತೆ. ನಾನು ಮಾಡುತ್ತೇನೆ ಅಂದಳಂತೆ ಅತ್ತೆ. ‘ಆ ಮಾತಾಡಿದ್ಕೇ ಕೈ ಬುಟ್ರು ಕಣ್ ಮಗ. ಅಲ್ಲೀಗಂಟ ಬುಟ್ಟಿರ್ಲಿಲ್ಲ,’ ಎಂದು ಮುಂಗೈ ಸವರಿಕೊಂಡಳು.

ನೀನು ಹಿಟ್ಟು ನಾದುವಾಗ ಆಕೆ ಬರುತ್ತಾಳಾ ಎಂದು ಕೇಳಿದೆ. ಉಪ್ಪು ಹೆಚ್ಚಾದರೆ ಕಿವಿಯ ಹತ್ತಿರ ನಾಲಿಗೆ ಲೊಚಗುಟ್ಟಿದ ಸದ್ದು ಕೇಳುತ್ತದೆ ಅಂದಳು, ಅಷ್ಟೇ.

ಮುಂದಿನ ಶುಕ್ರವಾರ ಮಳೆ ಸ್ವಲ್ಪ ಹೊಳವಾಗಿತ್ತು. ನಾನು ಬಚ್ಚಲುಮನೆಗೆ ಹೋದೆ. ಅತ್ತೆ ಸೌದೆ ತರಲು ಹೋಗಿದ್ದಳು. ಒಲೆಯ ಪಕ್ಕ ಬೋಗುಣಿಯ ಮೇಲೆ ಮುಚ್ಚಿದ್ದ ಬಟ್ಟೆ ನಿಧಾನವಾಗಿ ಏಳುತ್ತಿತ್ತು, ತಗ್ಗುತ್ತಿತ್ತು. ಹೆಂಡದ ಹುಳಿಗೆ ಹಿಟ್ಟಿನೊಳಗೆ ಗಾಳಿ ತುಂಬಿ ಒಡೆಯುತ್ತಿದ್ದದ್ದು ಅಂತ ಈಗ ಹೇಳಬಲ್ಲೆ. ಆಗ ಅದು ಉಸಿರಾಡುವುದನ್ನು ನೋಡುತ್ತ ನಿಂತುಬಿಟ್ಟೆ. ಅತ್ತೆ ಬಂದು, ‘ಮುಟ್ಟಿ ನೋಡು, ಜೀವ ಐತೆ,’ ಅಂದಳು. ಬಟ್ಟೆ ಸರಿಸಿ ಅಂಗೈ ಇಟ್ಟೆ. ಮೈಶಾಖದಷ್ಟೇ ಬೆಚ್ಚಗಿತ್ತು. ಕೈಯಡಿ ಏನೋ ಮೆಲ್ಲಗೆ ಮಗ್ಗುಲು ಬದಲಿಸಿದ ಹಾಗಾಯಿತು. ಅದೇ ಗಳಿಗೆಗೆ ನನ್ನ ಹೊಟ್ಟೆಯೊಳಗೆ ಮಗು ಒದೆಯಿತು. ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡೆ. ಇಲ್ಲಿ ಮಿಸುಕಿದರೆ ಅಲ್ಲಿ, ಅಲ್ಲಿ ಮಿಸುಕಿದರೆ ಇಲ್ಲಿ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ತಲೆ ಎತ್ತಿದಾಗ ಬಾಗಿಲಲ್ಲಿ ಅವ್ವ ನಿಂತಿದ್ದಳು.

ಅವ್ವ ಕೂಗಾಡಲಿಲ್ಲ. ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕೈ ತೊಳೆಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆಗೆ ಹೇಳಿದಳು. ‘ಅಕ್ಕ, ಈ ಮನೇಲಿ ಇರು, ಉಣ್ಣು, ನಿನ್ನ ನಾನು ಕಣ್ಣಲ್ಲಿ ಇಟ್ಕತೀನಿ. ಇದೊಂದು ಮಾತ್ರ ಇನ್ನು ಬ್ಯಾಡ. ನನ್ ಮಗ್ಳು ಎರಿಗೆ ಆಗೋಗಂಟ ಬ್ಯಾಡ.’

ಅತ್ತೆ ತಲೆಯಾಡಿಸಿದಳು. ಆ ಹಿಟ್ಟನ್ನು ಅವಳೇ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದಳು. ನಮ್ಮ ನಾಯಿ ಆಮೇಲೆ ಆ ಕಡೆ ಸುಳಿಯಲಿಲ್ಲ.

ರೊಟ್ಟಿ ಇಲ್ಲದ ಮೊದಲ ಶುಕ್ರವಾರ ಬಂತು. ಜಡಿಮಳೆ. ಅತ್ತೆ ಬೆಳಗಿನಿಂದ ಜಗಲಿಯ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆರಳುಗಳು ಅವಳ ಅರಿವಿಲ್ಲದೆ ಸೆರಗಿನ ತುದಿಯನ್ನು ಹೆಣೆಯುತ್ತಿದ್ದವು. ದೀಪ ಹಚ್ಚುವ ಹೊತ್ತು. ಹಿತ್ತಲ ಒಲೆ ತಣ್ಣಗಿತ್ತು, ಬಚ್ಚಲುಮನೆಗೆ ಅವ್ವನೇ ಚಿಲಕ ಹಾಕಿದ್ದಳು. ಆಗ ವಾಸನೆ ಬಂತು. ಮೊದಲು ನನಗೇ ಅನ್ನಿಸುತ್ತಿದೆ ಅಂದುಕೊಂಡೆ. ಹುಳಿ, ಕಂದಿದ ಬೆಲ್ಲ, ಎಳ್ಳು. ನಡುಮನೆಯ ತುಂಬ ಅದೇ. ಲೆಕ್ಕ ಹಾಕುತ್ತ ಕೂತಿದ್ದ ಅಪ್ಪ ಮೂಗು ಅರಳಿಸಿ ಅವ್ವನ ಮುಖ ನೋಡಿದ. ಅವ್ವ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದ್ದಳು. ಅಪ್ಪ ತಲೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಕೇರಿಯನ್ನೆಲ್ಲ ಒಂದು ಸುತ್ತು ಹಾಕಿ ಬಂದ. ಯಾರ ಮನೆಯಲ್ಲೂ ಏನೂ ಬೇಯುತ್ತಿರಲಿಲ್ಲ. ಮಾಕವಳ್ಳಿಯ ಕಾಕಂಬಿ ಇರಬೇಕು ಅಂದ. ಕಾಕಂಬಿ ಯಾವುದು, ಎಳ್ಳು ಯಾವುದು ಎಂದು ತಿಳಿಯದ ಮೂಗು ಆ ಮನೆಯಲ್ಲಿ ಯಾರದೂ ಇರಲಿಲ್ಲ.

ಆ ರಾತ್ರಿಯಿಂದ ಅತ್ತೆಗೆ ಜ್ವರ. ಕಷಾಯ ಕುಡಿದಳು, ಮಾತ್ರೆ ನುಂಗಿದಳು, ಅನ್ನ ಸೇರಲಿಲ್ಲ. ಜ್ವರ ಏರಿದಾಗ ಗೋಡೆ ಕಡೆ ತಿರುಗಿ, ಮೈದಾ ಇಲ್ಲ ಮೇಡಂ, ಒಲೆ ಇಲ್ಲ ಮೇಡಂ ಎಂದು ಯಾರಿಗೋ ಸಮಾಧಾನ ಹೇಳುತ್ತಿದ್ದಳು. ನಡುನಡುವೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತಿದ್ದಳು. ಆ ಕೇಳಿಸಿಕೊಳ್ಳುವ ಹೊತ್ತೇ ನಮಗೆ ಹೆಚ್ಚು ದಿಗಿಲಾಗುತ್ತಿದ್ದದ್ದು. ಅವ್ವ ತಣ್ಣೀರು ಬಟ್ಟೆ ಹಾಕುತ್ತ, ಎದೆಯ ಮೇಲಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು.

ಇನ್ನೊಂದು ಶುಕ್ರವಾರ ಬಂದಾಗ ಹೊಳೆ ಗದ್ದೆಗೆ ನುಗ್ಗಿತ್ತು. ಬೆಳಿಗ್ಗೆ ಎದ್ದವಳಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನು ಎಂದು ಹೊಳೆದದ್ದು ಗಂಜಿ ಕುಡಿದ ಮೇಲೆ. ಮಗು ಮಿಸುಕುತ್ತಿರಲಿಲ್ಲ. ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ, ಎದ್ದು ಓಡಾಡಿದೆ. ಹೊಟ್ಟೆ ಕಲ್ಲಿನ ಹಾಗಿತ್ತು. ಮಧ್ಯಾಹ್ನ ಅಪ್ಪ ನರ್ಸಮ್ಮನನ್ನು ಕರೆತಂದ. ಅವರು ಹೊಟ್ಟೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಮಳೆಯ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿಲ್ಲ, ಇದೆ ಅನ್ನಿಸುತ್ತದೆ, ಆದರೆ ತಡಮಾಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಕೆ.ಆರ್. ಪೇಟೆಯ ರಸ್ತೆಯ ಮೇಲೆ ನೀರು ನಿಂತು ಬಸ್ಸು ಬಂದಿರಲಿಲ್ಲ. ಇನ್ನು ರೈಲು ಬೆಳಿಗ್ಗೆಯೇ. ಅಪ್ಪ ಯಾರದಾದರೂ ಜೀಪು ಸಿಗುತ್ತದಾ ನೋಡುತ್ತೇನೆಂದು ಹೊರಟವನು ಸಂಜೆಯವರೆಗೆ ಬರಲಿಲ್ಲ.

ಅವ್ವ ಸ್ವಲ್ಪ ಹೊತ್ತು ನನ್ನ ಕಾಲ ಬಳಿ ಕೂತಿದ್ದಳು. ಆಮೇಲೆ ಎದ್ದು ಬಚ್ಚಲುಮನೆಯ ಚಿಲಕ ತೆಗೆದು ಒಲೆ ಹಚ್ಚಿದಳು. ಬಂದು ಅತ್ತೆಯ ಚಾಪೆಯ ಪಕ್ಕ ನಿಂತಳು.

‘ಏಳಕ್ಕ. ಮಾಡ್ಬುಡು.’

ಅತ್ತೆ ಮೊಣಕೈ ಊರಿ ಏಳಲು ನೋಡಿ ಹಾಗೇ ಬಿದ್ದಳು.

‘ಏಳಕ್ಕಾಗ್ದಿದ್ರೆ ಬಾಯಲ್ಲಾದ್ರೂ ಯೇಳು. ನಾನ್ ಮಾಡ್ತೀನಿ.’

ನಾನು ಅತ್ತೆಯ ಚಾಪೆಯನ್ನೂ ನನ್ನ ಮಣೆಯನ್ನೂ ಬಚ್ಚಲುಮನೆಯ ಬಾಗಿಲಿಗೆ ಎಳೆದುಕೊಂಡೆ. ಮೈದಾ ಇರಲಿಲ್ಲ, ಗೋಧಿ ಹಿಟ್ಟು ಡಬ್ಬಿಯ ತಳದಲ್ಲಿತ್ತು. ಸಾಲದೆಂದು ಅವ್ವ ರಾಗಿ ಹಿಟ್ಟು ಬೆರೆಸಿದಳು. ಹೆಂಡ ತರುವವರಿಲ್ಲ, ಹುಳಿ ಬಂದಿದ್ದ ದೋಸೆ ಹಿಟ್ಟನ್ನು ಸುರಿದಳು. ಕುಂಬಳದ ಬದಲು ಬಾಳೆಹಣ್ಣು. ಎಣ್ಣೆಯ ಬದಲು ತುಪ್ಪ, ನನ್ನ ಬಾಣಂತನಕ್ಕೆಂದು ಬೇಸಿಗೆಯಿಂದ ಕಾಸಿ ಕಾಸಿ ತುಂಬಿಟ್ಟಿದ್ದ ಜಾಡಿಯದು. ಎಳ್ಳು ಅಂದಳು ಅತ್ತೆ. ಎಳ್ಳು ಬೇಡ ಅಂದಳು ಅವ್ವ, ಅದೇ ಬಾಣಂತನದ ಗಸಗಸೆ ತೆಗೆದಳು. ಮೇಡಂ ಕೂಡ ಗಸಗಸೆಯನ್ನೇ ಹಾಕುತ್ತಿದ್ದರು, ನಾನೇ ಎಳ್ಳಿಗೆ ಬದಲಿಸಿದ್ದು ಎಂದು ಅತ್ತೆ ಮೆಲ್ಲಗೆ ಅಂದಳು.

ರಾಗಿ ಬೆರೆತ ಹಿಟ್ಟು ಜಡೆಗೆ ಒಗ್ಗುತ್ತಿರಲಿಲ್ಲ. ಎಳೆ ಎಳೆದಲ್ಲಿ ಕಿತ್ತು ಬರುತ್ತಿತ್ತು. ಅವ್ವ ಬೆರಳು ಒದ್ದೆಮಾಡಿಕೊಂಡು ಕೂಡಿಸುತ್ತ, ಸ್ಕೂಲಿಗೆ ಹೊರಟ ನನಗೆ ಜಡೆ ಹಾಕುತ್ತಿದ್ದ ಹಾಗೆ ತುಟಿ ಬಿಗಿಹಿಡಿದು ಹೆಣೆದಳು. ಬೆಂಕಿಗೆ ಹಾಕುವ ತುಣುಕನ್ನು ಚಿವುಟಿ ಹಿಡಿದುಕೊಂಡಳು. ಅತ್ತೆ ಆ ಮಾತುಗಳನ್ನು ಹೇಳಿಕೊಡಲು ಹೋದರೆ ಜ್ವರದ ಬಾಯಲ್ಲಿ ಅವು ಕೂಡಿಬರಲಿಲ್ಲ. ಅವ್ವ ಕಾಯಲಿಲ್ಲ. ಒಲೆಯ ಕಡೆ ಬಗ್ಗಿ ಅಂದಳು:

‘ನೋಡವ್ವ, ನೀ ಯಾರೋ ಏನೋ ನಾ ಕಾಣೆ. ನಿನ್ ಮಾತು ನಂಗೆ ಬರಕಿಲ್ಲ. ಮಾಡ್ಬೇಕಾದೋಳು ಮಲ್ಗವ್ಳೆ, ಆಕ್ಬೇಕಾದ್ದು ಒಂದೂ ಇಲ್ಲ. ಇದ್ದುದ್ರಲ್ಲಿ ಮಾಡಿವ್ನಿ. ಇದ ತಕ್ಕೊ. ನನ್ ಮಗ್ಳ ಒಟ್ಟೇಲಿರದ ಬುಟ್ಬುಡು.’

ಚಾಪೆಯಿಂದ ಅತ್ತೆ, ‘ಆವಮ್ಮ ಅಂತೋರಲ್ಲ ಕಣ್ ಜಯ,’ ಅಂದಳು. ಅವಳ ಕೆನ್ನೆ ಒದ್ದೆಯಾಗಿತ್ತು.

ರೊಟ್ಟಿ ಉಬ್ಬಲಿಲ್ಲ. ಕರಿದಾಗಿ, ಹೆಣಿಗೆಯ ಸಂದಿಯಲ್ಲೆಲ್ಲ ಬಿರಿದು, ಮಳೆಗೆ ಬಿದ್ದ ಸೌದೆಯಂತೆ ಹೊರಬಂತು. ಅವ್ವ ಸುಡುಸುಡುವಾಗಲೇ ಮುರಿದು ನನ್ನ ಬಾಯಿಗಿಟ್ಟಳು. ಮೊದಲ ಬಾರಿಗೆ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಬಾಳೆಹಣ್ಣು, ತುಪ್ಪ, ಬೆಲ್ಲ, ಇದ್ದಲು. ನಾನು ಅಳುತ್ತಲೇ ಅಗಿದು ನುಂಗಿದೆ. ಸ್ವಲ್ಪ ಹೊತ್ತಿಗೆ, ಪಕ್ಕೆಲುಬಿನ ಕೆಳಗೆ, ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿದ ಹಾಗೆ ಮಗು ಮಿಸುಕಿತು. ಸಿಹಿ ತಿಂದರೆ ಮಗು ಚುರುಕಾಗುತ್ತದೆ, ಅದರಲ್ಲಿ ವಿಶೇಷವೇನಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಇರಬಹುದು. ಅವ್ವನಿಗೆ ನಾನು ಅದನ್ನು ಹೇಳಲು ಹೋಗಲಿಲ್ಲ.

ಅತ್ತೆಯನ್ನು ಸಣ್ಣಕ್ಕನಿಗೆ ಒಪ್ಪಿಸಿ, ಬೆಳಗಿನ ರೈಲಿಗೆ ಅಪ್ಪ, ಅವ್ವ, ನಾನು ಮೈಸೂರಿಗೆ ಹೋದೆವು. ಸೇತುವೆ ದಾಟುವಾಗ ನೀರು ಕಂಬಿಗಳಿಗೆ ಎಟುಕುವಂತಿತ್ತು. ಅದೇ ದಿನ ಸಂಜೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ, ಇನ್ನು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅವ್ವನಿಗೆ ಹೇಳಿದರು. ಬಳ್ಳಿ ಹೆಣೆದ ಹಾಗೆ ಇತ್ತಾ ಎಂದು ಅವ್ವ ಕೇಳಿದಳಂತೆ. ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ನನ್ನ ಹೊಲಿಗೆ ಬಿಚ್ಚುವ ಮೊದಲೇ ಅವ್ವ, ಶುಕ್ರವಾರ ಬರುತ್ತದೆ ಎಂದು ಊರಿಗೆ ಹೊರಟು ಹೋದಳು. ನನಗೆ ಆಸ್ಪತ್ರೆಯಲ್ಲಿ ಜೊತೆಗಿದ್ದವರು ನನ್ನ ಗಂಡ. ಬಾಣಂತಿಯನ್ನು ಬಿಟ್ಟು ಹೋಗುವ ತಾಯಿಯನ್ನು ಕಂಡು ಪಕ್ಕದ ಮಂಚದವರು ಬೆರಗಾದರು.

ನಾನು ಮಗುವಿನೊಂದಿಗೆ ತವರಿಗೆ ಬಂದಿಳಿದದ್ದೂ ಒಂದು ಶುಕ್ರವಾರವೇ. ಮಳೆ ಬಿಟ್ಟು ಎಳೆಬಿಸಿಲು ಬಂದಿತ್ತು. ಜ್ವರ ಬಿಟ್ಟಿದ್ದ ಅತ್ತೆ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಮಗುವನ್ನು ಎತ್ತಿಕೊಂಡು ಹಣೆ ಮೂಸಿದಳು. ಹಿತ್ತಲ ಕಡೆಯಿಂದ ಹಿಟ್ಟು ಬಡಿಯುವ ಸದ್ದು ಕೇಳುತ್ತಿತ್ತು. ನೀನು ಯಾಕೆ ಇಲ್ಲಿ ಕೂತಿದ್ದೀಯ, ರೊಟ್ಟಿ ನೀನು ಮಾಡುವುದಿಲ್ಲವಾ ಎಂದು ಕೇಳಿದೆ.

‘ನಂಗೀಗ ಏನೂ ಕೇಳಕಿಲ್ಲ ಕಣ್ ಮಗ. ಆವತ್ತಿಂದ ಕೇಳಕಿಲ್ಲ. ನಿಮ್ಮವ್ವಂಗೆ ಕೇಳ್ತದೆ,’ ಅಂದಳು. ಅವಳ ಮುಖ ಹಗುರವಾಗಿತ್ತು. ಆದರೆ ಎರಡನೆಯ ಸಲ ಗಂಡ ಸತ್ತವಳ ಹಾಗೆ ಕೈಗಳನ್ನು ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡಿದ್ದಳು. ಅದಾದ ಮೇಲೆ ಬಹಳ ವರ್ಷ ನಮ್ಮ ಮನೆಯಲ್ಲೇ ಇದ್ದಳು, ಹಸುಗಳನ್ನು ನೋಡಿಕೊಂಡು, ನನ್ನ ಮಗಳನ್ನು ಆಡಿಸಿಕೊಂಡು. ಶುಕ್ರವಾರ ಮಾತ್ರ ಹಿಟ್ಟು ಮುಟ್ಟಲಿಲ್ಲ.

ನಾನು ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಬಚ್ಚಲುಮನೆಯಲ್ಲಿ ಅವ್ವ ನನಗೆ ಬೆನ್ನು ಮಾಡಿ ಕೂತು ಜಡೆ ಹೆಣೆಯುತ್ತಿದ್ದಳು. ಬೆರಳು ಎಲ್ಲೂ ತಡವರಿಸುತ್ತಿರಲಿಲ್ಲ. ಎರಡನೆಯ ರೊಟ್ಟಿ ಮುಗಿಸಿ, ಪಕ್ಕದಲ್ಲಿ ಕೂತವರಿಗೆ ಏಳಲು ಜಾಗ ಕೊಡುವ ಹಾಗೆ ಮೊಣಕಾಲು ಮಡಿಸಿ ಸರಿದಳು. ಹಿಂತಿರುಗಿ ನೋಡದೆ, ದಿನಾ ಆಡುವ ದನಿಯಲ್ಲೇ ನನಗೆ ಹೇಳಿದಳು.

‘ಬಾಗ್ಲಿಗಡ್ಡ ನಿಂತ್ಕಬ್ಯಾಡ ಕಣವ್ವ. ಆವಮ್ಮ ಆಚ್ಗೆ ಬರ್ಬೇಕು.’

ನಾನು ಮಗುವನ್ನು ಎದೆಗೊತ್ತಿಕೊಂಡು, ಗೋಡೆಗೆ ಸರಿದು ದಾರಿ ಬಿಟ್ಟೆ.